ಹದಿನಾರು ದಿನ ಉಪವಾಸ ಕೂತ ಪಟ್ಟೆ

"ಹಲ್ಲಿಗೆ ದುಡ್ಡು ಕೊಟ್ಟು ತಂದ್ಯಾ? ನಮ್ಮ ಟ್ಯೂಬ್‌ಲೈಟ್ ಹಿಂದೆ ನಾಲ್ಕು ಬಿಟ್ಟಿ ಇವೆ, ಬಾ." ಮೈಸೂರಿಂದ ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ. 45 ಡಾಲರ್ ಅಂತ ಬಾಯಿ ಬಿಟ್ಟಿದ್ದು ನನ್ನದೇ ತಪ್ಪು. ಉಳಿದ ಖರ್ಚನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

2021ರ ಜನವರಿ. ನಾವಿರುವುದು ಡಲ್ಲಾಸ್ ಹತ್ತಿರ. ಮಗಳ ಹಟಕ್ಕೆ ಲೆಪರ್ಡ್ ಗೆಕೋ ಅನ್ನುವ ಸಾಕು ಹಲ್ಲಿಯ ಮರಿ ತಂದೆವು. ಎರಡು ತಿಂಗಳಿನದು ಅಂದರು ಅಂಗಡಿಯವರು. ಮೈ ತುಂಬ ಹಳದಿ ಕಪ್ಪು ಪಟ್ಟೆ, ಅದಕ್ಕೇ ಮಗಳು ಪಟ್ಟೆ ಅಂತ ಹೆಸರಿಟ್ಟಳು. ತಂದ ದಿನ ತೂಕ 7 ಗ್ರಾಂ ಚಿಲ್ಲರೆ. ಚಿನ್ನ ತೂಗುವ ಪುಟ್ಟ ತಕ್ಕಡಿ ಮೊದಲೇ ತರಿಸಿದ್ದೆ. ಅಷ್ಟು ತಯಾರಿ ಮಾಡಿಕೊಂಡವನು ನಾನು. ಆದರೂ ಮರಿ ಹದಿನಾರು ದಿನ ಏನೂ ತಿನ್ನಲಿಲ್ಲ.

ಟ್ಯಾಂಕು, ಕೆಳಗಿಂದ ಬಿಸಿ ಕೊಡುವ ಹೀಟ್ ಮ್ಯಾಟು, ಕ್ಯಾಲ್ಸಿಯಂ ಪುಡಿ ಎಲ್ಲ ಸಾಕುವವರಿಗೆ ಗೊತ್ತಿರುವುದೇ, ಆ ಪುರಾಣ ಬೇಡ. ನಾನು ಎಲ್ಲಿ ಎಡವಿದೆ ಅನ್ನುವುದನ್ನು ಹೇಳುತ್ತೇನೆ.

ಮೊದಲನೇ ದಿನವೇ ಮಿಡತೆಯಂಥ ಹದಿನೈದು ಕ್ರಿಕೆಟ್ ಹುಳ ಸುರಿದೆ. ಹಸಿದಿರುತ್ತೆ ಪಾಪ ಅಂತ. ಅವು ಮರಿಯ ತಲೆ ಮೇಲೆ ಹತ್ತಿ ಇಳಿದು ಆಟ ಆಡಿದವು. ಬೆಳಗ್ಗೆ ನೋಡಿದರೆ ಒಂದು ಹುಳ ಬಾಲ ಕಚ್ಚುತ್ತಾ ಕೂತಿದೆ! ತಿನ್ನಬೇಕಾದವನನ್ನೇ ತಿನ್ನಲು ಹೊರಟಿತ್ತು. ಆಮೇಲೆ ಮೀಲ್‌ವರ್ಮ್ ಹುಳ, ಅದೂ ಆಗದೆ ವ್ಯಾಕ್ಸ್‌ವರ್ಮ್ ಹುಳ. ಯಾವುದೂ ಬೇಡ. ತೂಕ 6 ಗ್ರಾಂಗೆ ಬಂತು. ಬಾಲ ಸೊರಗಿ ಬೆಂಡೆಕಾಯಿ ತುದಿಯ ಹಾಗಾಯಿತು.

ಸಲಹೆಗಳಿಗೆ ಬರ ಇರಲಿಲ್ಲ. ಅಂಗಡಿಯವನು ಬಾಯಿ ಬಿಡಿಸಿ ತುರುಕಿ ಅಂದ. ಒಂದೇ ಸಲ ಪ್ರಯತ್ನಿಸಿದೆ. ಇಷ್ಟುದ್ದದ ಮರಿ ಕೀಂ ಅಂತ ಕಿರುಚಿತು, ಬಾಲ ಎತ್ತಿ ನಿಧಾನವಾಗಿ ಆಡಿಸಿತು. ಇನ್ನೊಂದು ಕ್ಷಣ ಹಿಡಿದಿದ್ದರೆ ಬಾಲ ಉದುರಿಸಿಕೊಂಡು ಹೋಗುತ್ತಿತ್ತು. ಬಿಟ್ಟುಬಿಟ್ಟೆ. ಡಾಕ್ಟರ ಹತ್ತಿರ ಹೋದೆ: ನೋಡಿದ್ದಕ್ಕೆ 90, ಹಿಕ್ಕೆ ಪರೀಕ್ಷೆಗೆ 40 ಡಾಲರ್. ಹೊಟ್ಟೆಯಲ್ಲಿ ಜಂತು ಇಲ್ಲ ಅಂದರು. ಈ 40 ಡಾಲರಿನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಜಂತು ಇದ್ದರೆ ನನ್ನ ಉಪಾಯ ಯಾವುದೂ ನಡೆಯುವುದಿಲ್ಲ.

ಅಸಲಿ ಕಳ್ಳ ಸಿಕ್ಕಿದ್ದು 18 ಡಾಲರಿನ ಟೆಂಪರೇಚರ್ ಗನ್ನಿನಲ್ಲಿ. ಮ್ಯಾಟಿನ ಬಿಸಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್ 90 ಫ್ಯಾರನ್‌ಹೀಟ್ (ಸುಮಾರು 32 ಸೆಲ್ಸಿಯಸ್) ಅಂತ ತೋರಿಸುತ್ತಿತ್ತು, ನಾನು ನೆಮ್ಮದಿಯಾಗಿದ್ದೆ. ನೆಲಕ್ಕೆ ಗುರಿ ಹಿಡಿದರೆ 110ರ ಹತ್ತಿರ! ಬಿಸಿ ಅಳೆಯುವ ಅದರ ಪ್ರೋಬ್ ಜಾರಿ ಗಾಳಿಯಲ್ಲಿ ನೇತಾಡುತ್ತಿತ್ತು. ಕಾದ ಕಾವಲಿ ಮೇಲೆ ಯಾರು ಕೂರುತ್ತಾರೆ? ಪಾಪದ್ದು ದಿನವಿಡೀ ತಣ್ಣನೆ ಮೂಲೆಯಲ್ಲಿ ಮುದುರಿರುತ್ತಿತ್ತು. ಹೊಟ್ಟೆಗೆ ಬಿಸಿ ತಾಗದಿದ್ದರೆ ತಿಂದದ್ದು ಅರಗುವುದಿಲ್ಲ, ಅದಕ್ಕೇ ತಿನ್ನುತ್ತಲೂ ಇರಲಿಲ್ಲ.

ಅವತ್ತೇ 40 ಗ್ಯಾಲನ್ ಗಾಜಿನ ಟ್ಯಾಂಕ್ ಖಾಲಿ ಮಾಡಿದೆ. ಮರಿಯ ಹೊಸ ಮನೆ ಬಟ್ಟೆ ಇಡುವ ಪ್ಲಾಸ್ಟಿಕ್ ಡಬ್ಬಿ, ಸುಮಾರು 14 ಲೀಟರಿನದು, 6 ಡಾಲರ್. ಸೋಲ್ಡರಿಂಗ್ ಕಡ್ಡಿಯಿಂದ ಗಾಳಿಗೆ ತೂತು. ನೆಲಕ್ಕೆ ಅಡುಗೆಮನೆಯ ಪೇಪರ್ ಟವೆಲ್. ಅಡಗಲು ಮೂರು ಮೊಸರು ಡಬ್ಬಿ, ಬಾಗಿಲು ಕತ್ತರಿಸಿ: ಒಂದು ಬಿಸಿ ಕಡೆ, ಒಂದು ತಣ್ಣನೆ ಕಡೆ, ನಡುವಿನದರಲ್ಲಿ ಒದ್ದೆ ಪಾಚಿ. ಪ್ರೋಬನ್ನು ಮ್ಯಾಟಿನ ನೇರಕ್ಕೆ ನೆಲಕ್ಕೇ ಅಂಟಿಸಿದೆ. ಗನ್ನಿನಲ್ಲಿ 90 ಬರುವ ತನಕ ಥರ್ಮೋಸ್ಟಾಟ್ ತಿರುಗಿಸಿದೆ. ಸುತ್ತ ಮೂರು ಕಡೆ ಕಂದು ಕಾಗದ.

ಆಮೇಲೆ ಏನೂ ಮಾಡಲಿಲ್ಲ. ಕಷ್ಟದ ಕೆಲಸ ಅಂದರೆ ಇದೇ. ಏಳು ದಿನ ಮುಟ್ಟುವುದಿಲ್ಲ, ತೂಗುವುದಿಲ್ಲ, ಮುಚ್ಚಳ ತೆಗೆದು ಇಣುಕುವುದಿಲ್ಲ. ಬಾಟಲಿ ಮುಚ್ಚಳದಲ್ಲಿ ನೀರು ಬದಲಿಸುವುದಷ್ಟೇ. "ರೀ, ಇದು ಉಪವಾಸ ಕೆಡವಿ ಸಾಯಿಸೋ ಉಪಾಯ" ಅಂದಳು ಹೆಂಡತಿ. ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಎಂಟನೇ ದಿನ, ಕತ್ತಲಾದ ಮೇಲೆ, ಎರಡೇ ಎರಡು ಸಣ್ಣ ಕ್ರಿಕೆಟ್ ಬಿಟ್ಟೆ. ಮರಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಲ್ಲ, ಹಿಂಗಾಲು ಕಿತ್ತಿದ್ದು. ಕ್ರೂರ ಅನಿಸಬಹುದು, ಆದರೆ ಹಾರುವ ಹುಳಕ್ಕೆ ಹೆದರುವ ಮರಿಗೆ ಬೇರೆ ದಾರಿ ಕಾಣೆ. ಬೆಳಗ್ಗೆ ಎರಡೂ ಮಾಯ. ನಂಬಲಿಲ್ಲ, ಪೇಪರ್ ಎತ್ತಿ ಹುಡುಕಿದೆ. ಎರಡು ದಿನ ಬಿಟ್ಟು ಪುರಾವೆ ಸಿಕ್ಕಿತು: ಕಪ್ಪು ಹಿಕ್ಕೆ, ತುದಿಯಲ್ಲಿ ಬಿಳಿ. ಹಿಕ್ಕೆಯ ಫೋಟೋ ಹೆಂಡತಿಗೆ ಆಫೀಸಿಗೆ ಕಳಿಸಿದ್ದು ನಾನೊಬ್ಬನೇ ಇರಬೇಕು.

ಹುಳ ಬಿಡುವ ಮುಂಚೆ ಅದಕ್ಕೊಂದು ಸಣ್ಣ ಸಂಸ್ಕಾರ ಮಾಡುತ್ತೇನೆ. ಅದೇನು ಅಂತ ಸದ್ಯಕ್ಕೆ ಹೇಳಲ್ಲ, ಇನ್ನೆರಡು ಮರಿಗಳ ಮೇಲೆ ನೋಡಬೇಕು.

ಫೆಬ್ರವರಿ 15ರಂದು ಟೆಕ್ಸಾಸಿನಲ್ಲಿ ಕರೆಂಟ್ ಹೋದದ್ದು ನಿಮಗೂ ನೆನಪಿರಬಹುದು. ಮರುದಿನ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ 2 ಡಿಗ್ರಿ ಕೆಳಗೆ, ಅದೂ ಫ್ಯಾರನ್‌ಹೀಟಿನಲ್ಲಿ. ನಮ್ಮ ಮನೆಯಲ್ಲಿ ಸುಮಾರು 30 ಗಂಟೆ ಕತ್ತಲು, ಒಳಗೆ 45 ಫ್ಯಾರನ್‌ಹೀಟಿನ ಆಸುಪಾಸು, ಅಂದರೆ ಸೆಲ್ಸಿಯಸ್ಸಿನಲ್ಲಿ ಬರೀ 7. ಪುಣ್ಯಕ್ಕೆ ಗ್ಯಾಸ್ ಒಲೆ ಇತ್ತು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ, ಪಟ್ಟೆಯ ಪುಟ್ಟ ಡಬ್ಬಿ ಜೊತೆ ಥರ್ಮಕೋಲ್ ಪೆಟ್ಟಿಗೆಗೆ ಹಾಕಿದೆ. ಎರಡೆರಡು ಗಂಟೆಗೆ ನೀರು ಬದಲಿ. ಊಟ ಕೊಡಲೇ ಇಲ್ಲ, ಚಳಿಯಲ್ಲಿ ಅರಗದೆ ಹೊಟ್ಟೆಯಲ್ಲೇ ಕೊಳೆತರೆ ಕಷ್ಟ. ಕರೆಂಟ್ ಬಂದ ಮೇಲೆ ಪಟ್ಟೆ ಮತ್ತೆ ಊಟ ಬಿಟ್ಟ. ಈ ಸಲ ನಾನು ಗಾಬರಿಯಾಗಲಿಲ್ಲ. ಕಾಗದ ಮುಚ್ಚಿದೆ, ಸುಮ್ನೆ ಇದ್ದೆ. ಐದನೇ ರಾತ್ರಿ ಮೂರು ಹುಳ ತಿಂದ. ಮೊದಲ ಸಲ ಅದೃಷ್ಟ ಅಂದಿದ್ದವರು ಸುಮ್ಮನಾದರು.

ಮಧ್ಯೆ ಹುಳ ಸಾಕಿ ದುಡ್ಡು ಉಳಿಸುವ ಹುಚ್ಚೂ ಹತ್ತಿತ್ತು. ಡಬ್ಬಿಗೆ ಮೊಟ್ಟೆ ಟ್ರೇ, ಕ್ಯಾರೆಟ್, ಹುರಿಗಡಲೆ ಪುಡಿ. ಮೂರು ವಾರಕ್ಕೆ ಗ್ಯಾರೇಜು ನಾತ ಹೊಡೆಯಿತು. ಗಂಡು ಕ್ರಿಕೆಟ್‌ಗಳು ರಾತ್ರಿಯಿಡೀ ಕಚೇರಿ ನಡೆಸಿದವು. ಅದು ಬಿಟ್ಟು ಡುಬಿಯಾ ಅನ್ನುವ ಹುಳ ತರಿಸಿದೆ. ವಾಸನೆ ಇಲ್ಲ, ಸದ್ದಿಲ್ಲ, ಗೋಡೆ ಹತ್ತುವುದಿಲ್ಲ, ನನಗಂತೂ ಬಹಳ ಹಿಡಿಸಿತು. ಆದರೆ ಅದು ಜಿರಲೆ ಜಾತಿ ಅಂತ ಹೆಂಡತಿಗೆ ಗೊತ್ತಾದ ಸಂಜೆ ಏನಾಯಿತು ಅಂತ ಬರೆಯುವುದಿಲ್ಲ. ಈಗ ಡುಬಿಯಾ ಡಬ್ಬಿಯ ಮೇಲೆ "ತೋಟದ ಗೊಬ್ಬರ" ಅಂತ ಬರೆದಿದೆ.

ಒಟ್ಟು ಖರ್ಚು 380 ಡಾಲರ್ ಆಸುಪಾಸು. ಅದರಲ್ಲಿ ಕೆಲಸಕ್ಕೆ ಬಂದದ್ದು ಗನ್ನು, ಆರು ಡಾಲರಿನ ಡಬ್ಬಿ, ಹಿಕ್ಕೆ ಪರೀಕ್ಷೆ. 

ಪಟ್ಟೆ ಈಗ 58 ಗ್ರಾಂ. ಎಂಟು ತಿಂಗಳಾದ ಮೇಲೆ ದೊಡ್ಡ ಟ್ಯಾಂಕಿಗೇ ಹೋದ. ಬೆಳೆದ ಹಾಗೆ ಪಟ್ಟೆಗಳು ಒಡೆದು ಚುಕ್ಕಿ ಆದವು, ಹೆಸರು ಮಾತ್ರ ಅದೇ ಉಳಿಯಿತು. ತೂತು ಕೊರೆದ ಆ ಡಬ್ಬಿಯನ್ನು ಡಲ್ಲಾಸ್ ಪಕ್ಕದ ಇರ್ವಿಂಗ್‌ನ ಗೆಳೆಯರೊಬ್ಬರು ತಮ್ಮ ಮರಿಗೆ ಅಂತ ಒಯ್ದರು. ಅದೂ ಒಂಬತ್ತನೇ ದಿನಕ್ಕೆ ತಿಂದಿತಂತೆ. ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.