ಹುಬ್ಬಳ್ಳಿಯಲ್ಲಿ ಕುಳಿತು ಆಸ್ಪತ್ರೆ ಮಷಿನ್ ಮಾರುವುದು: ನನ್ನ ಅನುಭವ

2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಸಾಧನ ನೀತಿ ಬಂದಾಗ ಕೇಂದ್ರ ಸರ್ಕಾರ ಒಂದು ಲೆಕ್ಕ ಹೇಳಿತ್ತು. 11 ಬಿಲಿಯನ್ ಡಾಲರ್ ಇರುವ ಈ ಉದ್ಯಮ 2030ರ ಹೊತ್ತಿಗೆ 50 ಬಿಲಿಯನ್‌ಗೆ ಬೆಳೆಯಬಹುದು ಅಂತ. ಡೀಲರ್ ಮೀಟಿಂಗ್‌ಗಳಲ್ಲಿ ಈಗಲೂ ಈ ಲೆಕ್ಕವನ್ನು ಸ್ಲೈಡ್ ಹಾಕಿ ತೋರಿಸುತ್ತಾರೆ. ನಾನು ನೋಡಿ, ಚಹಾ ಕುಡಿದು ಬರುತ್ತೇನೆ. ನನ್ನ ಮಾರ್ಕೆಟ್ ಅಂದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ. ಇಲ್ಲಿ ಮುಂದಿನ ವರ್ಷ ಯಾವ ಮಾಲು ಹೋಗುತ್ತದೆ ಅನ್ನುವುದು ನನಗೆ ಎರಡು ಕಡೆಯಿಂದ ಗೊತ್ತಾಗುತ್ತದೆ. ಒಂದು, ರಿಪೇರಿಗೆ ಬರುವ ಫೋನು. ಇನ್ನೊಂದು, ಬ್ಯಾಡಗಿ ಮಾರ್ಕೆಟ್‌ನ ಮೆಣಸಿನಕಾಯಿ ದರ.

ಮೆಣಸಿನಕಾಯಿಯದು ತಮಾಷೆ ಮಾತಲ್ಲ. ರಾಣೇಬೆನ್ನೂರು, ಬ್ಯಾಡಗಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹತ್ತಿಪ್ಪತ್ತು ಬೆಡ್ಡಿನ ನರ್ಸಿಂಗ್ ಹೋಮ್‌ಗಳು ನಡೆಯುವುದೇ ರೈತರ ಕೈಗೆ ಬರುವ ರೊಕ್ಕದ ಮೇಲೆ. ಎದೆನೋವು, ಹೆರಿಗೆ ಕಾಯುವುದಿಲ್ಲ ಬಿಡಿ. ಆದರೆ ಹರ್ನಿಯಾ, ಕಣ್ಣಿನ ಪೊರೆ, ಮೊಣಕಾಲು ನೋವು ಎಲ್ಲ ಕಾಯುತ್ತವೆ. "ಸುಗ್ಗಿ ಮುಗೀಲಿ ತಗೋರಿ, ಆಮ್ಯಾಲೆ ನೋಡೋಣು" ಅಂತ ಪೇಶಂಟ್ ಡಾಕ್ಟರಿಗೆ ಹೇಳುತ್ತಾನೆ. ಡಾಕ್ಟರು ಅದೇ ಮಾತನ್ನು ನನಗೆ ಹೇಳುತ್ತಾರೆ. ಹಾಗಾಗಿ ಕೊಟೇಶನ್ ಕೊಡುವ ಕೆಲಸವನ್ನು ನಾನು ದೀಪಾವಳಿ ಆಸುಪಾಸಿನಲ್ಲೇ ಮುಗಿಸುತ್ತೇನೆ, ಕಂತುಗಳನ್ನು ಫೆಬ್ರವರಿಯಿಂದ ಶುರು ಮಾಡುತ್ತೇನೆ. ಜುಲೈನಲ್ಲಿ ದೊಡ್ಡ ಕಂತು ಬರುವ ಹಾಗೆ ಯಾರಿಗೂ ಉದ್ರಿ ಕೊಡುವುದಿಲ್ಲ. ಬಿತ್ತನೆ ಟೈಮಿನಲ್ಲಿ ಗದಗಿನ ಓಪಿಡಿಗಳು ಹೇಗಿರುತ್ತವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ರಿಪೇರಿ ಫೋನು. ನನ್ನ ಅಂಗಡಿ ನಡೆಸುವುದು ಇದೇ. ಮಾನಿಟರ್, ಇಸಿಜಿ, ಸಿರಿಂಜ್ ಪಂಪ್ ಮಾರಿದಾಗ ಉಳಿಯುವುದು ಕಡಿಮೆ, ಆನ್‌ಲೈನ್ ದರ ತೋರಿಸಿ ಚೌಕಾಶಿ ಮಾಡುವವರು ಜಾಸ್ತಿ. ಆದರೆ ರಾತ್ರಿ ಹನ್ನೊಂದಕ್ಕೆ ಐಸಿಯುದಲ್ಲಿ ಮಾನಿಟರ್ ಬಂದ್ ಬಿದ್ದರೆ ಆನ್‌ಲೈನ್‌ನವನು ಬರುತ್ತಾನಾ? "ಲಗೂನ ಬರ್ರಿ, ರೇಟ್ ಆಮ್ಯಾಲೆ ಮಾತಾಡೋಣು" ಅನ್ನುವ ಗಿರಾಕಿ ಅಲ್ಲಿ ಸಿಗುತ್ತಾನೆ. ಅಂಥ ಕಾಲ್‌ಗಳಲ್ಲಿ ಮಷಿನ್ ನಿಜವಾಗಿ ಕೆಟ್ಟಿರುವುದು ಅಪರೂಪ. ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಎಸ್‌ಪಿಓ2 ಪ್ರೋಬಿನ ವೈರನ್ನು ಬೆಡ್ಡಿನ ಕಂಬಿಗೆ ಸುತ್ತಿ ಗಂಟು ಹಾಕಿರುತ್ತಾರೆ, ಒಳಗೆ ತಂತಿ ಮುರಿದಿರುತ್ತದೆ. ಇಲ್ಲವೇ ಬ್ಯಾಟರಿ ಸತ್ತಿರುತ್ತದೆ. ಅದಕ್ಕೇ ನನ್ನ ಕಪಾಟಿನಲ್ಲಿ ಹೊಸ ಮಾನಿಟರ್‌ಗಿಂತ ಪ್ರೋಬು, ಬಿಪಿ ಕಫ್, ಬ್ಯಾಟರಿ ಜಾಸ್ತಿ.

ದೊಡ್ಡ ಮಷಿನ್‌ಗಳಲ್ಲಿ ನನ್ನ ಅರ್ಧ ತಲೆನೋವು ಅರ್ಥಿಂಗ್, ಅಂದರೆ ನೆಲದಲ್ಲಿ ರಾಡು ಹೂತು ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ವ್ಯವಸ್ಥೆ. ನವಲಗುಂದ, ನರಗುಂದ, ರೋಣದ ಎರೆ ಭೂಮಿ ನಿಮಗೆ ಗೊತ್ತಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿಯುತ್ತದೆ. ಮಳೆಗಾಲದಲ್ಲಿ ಚೆಕ್ ಮಾಡಿದಾಗ ಅರ್ಥಿಂಗ್ ಚೊಲೋ ಇರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಮಣ್ಣು ಒಣಗಿ ರಾಡಿನಿಂದ ದೂರ ಸರಿಯುತ್ತದೆ. ಆಗ ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಮೀಟರ್ ಹಿಡಿದರೆ ವೋಲ್ಟೇಜ್ ಏರಿರುತ್ತದೆ. ಎರಡು ವೋಲ್ಟ್ ಒಳಗಿದ್ದರೆ ನಾನು ಮಷಿನ್ ಆನ್ ಮಾಡುತ್ತೇನೆ. ಏಳೆಂಟು ತೋರಿಸಿದರೆ ಪೆಟ್ಟಿಗೆಯನ್ನೇ ಬಿಚ್ಚುವುದಿಲ್ಲ. ಇಸಿಜಿಯಲ್ಲಿ ಗೆರೆ ನಡುಗುವುದು, ಸ್ಕ್ಯಾನಿಂಗ್ ಚಿತ್ರದಲ್ಲಿ ಅಡ್ಡಗೆರೆ ಬರುವುದು ಎಷ್ಟೋ ಸಲ ಇದರಿಂದಲೇ. ಈಗ ಆರ್ಡರ್ ಹಿಡಿಯುವಾಗಲೇ ಹೊಸ ಅರ್ಥ್ ಪಿಟ್, ಆನ್‌ಲೈನ್ ಯುಪಿಎಸ್ (ಕರೆಂಟ್ ಹೋದರೂ ಒಂದು ಕ್ಷಣವೂ ನಿಲ್ಲದ ಬ್ಯಾಟರಿ ಬ್ಯಾಕಪ್) ಎರಡನ್ನೂ ಕೊಟೇಶನ್‌ಗೆ ಸೇರಿಸುತ್ತೇನೆ. ಬೇಸಿಗೆಯಲ್ಲಿ ಪಿಟ್‌ಗೆ ವಾರಕ್ಕೊಮ್ಮೆ ನೀರು ಹಾಕಬೇಕು ಅಂತ ವಾರ್ಡ್ ಬಾಯ್‌ಗೇ ಹೇಳಿ ಬರುತ್ತೇನೆ. ಡಾಕ್ಟರಿಗೆ ಹೇಳಿದರೆ ಮರೆಯುತ್ತಾರೆ.

ಮುಂದಿನ ಮೂರ್ನಾಲ್ಕು ವರ್ಷದ ವ್ಯಾಪಾರ ಎಲ್ಲಿದೆ ಅಂತ ಕೇಳಿದರೆ ನನ್ನ ಉತ್ತರ ಎಕ್ಸ್‌ರೇ. ತಾಲೂಕುಗಳಲ್ಲಿ ಹಳೆಯ 100 ಎಂಎ, 300 ಎಂಎ (ಎಕ್ಸ್‌ರೇ ಟ್ಯೂಬಿನ ಕರೆಂಟಿನ ಅಳತೆ) ಮಷಿನ್‌ಗಳು ಇನ್ನೂ ಓಡುತ್ತಿವೆ. ಟ್ಯೂಬು, ಟೇಬಲ್ಲು ಗಟ್ಟಿಯಾಗಿವೆ. ಕ್ಯಾಸೆಟ್ ಇಟ್ಟು, ರೀಡರ್‌ಗೆ ಹಾಕಿ, ಫಿಲ್ಮ್ ತೆಗೆಯುವ ಕೆಲಸ ಮಾತ್ರ ಹಳೆಯದಾಗಿದೆ. ಅದೇ ಮಷಿನ್‌ಗೆ ಫ್ಲಾಟ್ ಪ್ಯಾನಲ್ ಡಿಟೆಕ್ಟರ್, ಅಂದರೆ ಎಕ್ಸ್‌ರೇಯನ್ನು ನೇರ ಕಂಪ್ಯೂಟರ್ ಚಿತ್ರ ಮಾಡುವ ಫಲಕ, ಕೂಡಿಸಿದರೆ ಡಿಜಿಟಲ್ ಎಕ್ಸ್‌ರೇ (ಡಿಆರ್) ಆಗುತ್ತದೆ. ಡಿಟೆಕ್ಟರ್ ದರ ಹತ್ತು ವರ್ಷದಲ್ಲಿ ಚೆನ್ನಾಗಿ ಇಳಿದಿದೆ. ಚಿತ್ರ ಕೆಲವೇ ಸೆಕೆಂಡಿನಲ್ಲಿ ಸ್ಕ್ರೀನಿಗೆ ಬರುತ್ತದೆ, ರಿಪೋರ್ಟ್ ಹುಬ್ಬಳ್ಳಿಯಲ್ಲಿ ಕೂತ ರೇಡಿಯಾಲಜಿಸ್ಟ್ ಬರೆಯುತ್ತಾರೆ. ಡಾಕ್ಟರ ಜೊತೆ ಕೂತಾಗ ನಾನು ಮೆಗಾಪಿಕ್ಸೆಲ್ ಮಾತು ಎತ್ತುವುದಿಲ್ಲ. ತಿಂಗಳಿಗೆ ಎಷ್ಟು ಫಿಲ್ಮ್ ಖರ್ಚಾಗುತ್ತದೆ, ಎಷ್ಟು ಹಾಳಾಗುತ್ತವೆ ಅನ್ನುವುದನ್ನು ಅವರ ಸ್ಟೋರ್ ಬುಕ್ ತೆಗೆಸಿ ಬರೆಯಿಸುತ್ತೇನೆ. ಆ ರೊಕ್ಕ ಕಂತಿಗೆ ಸಮ ಬಂದರೆ ಆರ್ಡರ್ ಆಯಿತು ಅಂತಲೇ. ಬರದಿದ್ದರೆ ನಾನೇ ಬೇಡ ಅನ್ನುತ್ತೇನೆ. ದಿನಕ್ಕೆ ನಾಲ್ಕು ಎಕ್ಸ್‌ರೇ ತೆಗೆಯುವ ಕಡೆ ಡಿಆರ್ ಕೊಟ್ಟು, ಆಮೇಲೆ ಕಂತಿಗೆ ಅಲೆಯುವುದು ಯಾರಿಗೆ ಬೇಕು?

ಡಿಆರ್ ಹಾಕಿಸುವ ನೆಪದಲ್ಲಿ ಕಾಗದಪತ್ರವೂ ಸರಿಯಾಗುತ್ತದೆ. ಎಕ್ಸ್‌ರೇ ಮಷಿನ್‌ಗೆ ಎಇಆರ್‌ಬಿಯ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಲೈಸೆನ್ಸ್ ಬೇಕು, ಎರಡು ವರ್ಷಕ್ಕೊಮ್ಮೆ ಕ್ಯೂಎ (ಗುಣಮಟ್ಟ) ಟೆಸ್ಟ್ ಆಗಬೇಕು. ಮನೆಯನ್ನೇ ಆಸ್ಪತ್ರೆ ಮಾಡಿಕೊಂಡ ಕಡೆ ರೂಮು ಚಿಕ್ಕದು, ಬಾಗಿಲಿಗೆ ಸೀಸದ ಹಾಳೆ ಇರುವುದಿಲ್ಲ. ಈ ಕೆಲಸ ಮಾಡಿಸಿಕೊಡುವುದಕ್ಕೆ ಬೇರೆ ಚಾರ್ಜ್ ತೆಗೆದುಕೊಳ್ಳುತ್ತೇನೆ, ಖುಷಿಯಿಂದಲೇ ಕೊಡುತ್ತಾರೆ. ಅಲ್ಟ್ರಾಸೌಂಡ್ ವಿಷಯದಲ್ಲಿ ಮಾತ್ರ ನನ್ನದು ಒಂದೇ ಮಾತು: ಪಿಸಿ-ಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ರಿಜಿಸ್ಟ್ರೇಶನ್ ತೋರಿಸದೆ ಮಷಿನ್ ಇರಲಿ, ಪ್ರೋಬ್ ಕೂಡ ಕೊಡುವುದಿಲ್ಲ. ಅಂದಹಾಗೆ, ಮಾರುವ ನಮಗೂ ಲೈಸೆನ್ಸ್ ಕಾಟ ಬಂದಿದೆ. ಔಷಧಿ ಲೈಸೆನ್ಸ್ ಇಲ್ಲದೆ ಸಾಧನ ಮಾರುವವರಿಗೆ ಎಂಡಿ-42 ಅನ್ನುವ ನೋಂದಣಿ ಬೇಕು. ಒಳ್ಳೆಯದೇ ಆಯಿತು ಅನ್ನುತ್ತೇನೆ. ಬ್ಯಾಗಿನಲ್ಲಿ ಮಾಲು ಹೊತ್ತು ಬಿಲ್ ಇಲ್ಲದೆ ಮಾರುವವರಿಗೆ ಸ್ವಲ್ಪವಾದರೂ ಕಡಿವಾಣ ಬಿತ್ತು.

ಜಿಎಸ್‌ಟಿ ಬಗ್ಗೆ ಎಲ್ಲರೂ ಕೇಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ವೈದ್ಯಕೀಯ ಸಾಧನಗಳ ತೆರಿಗೆ 12ರಿಂದ 5 ಪರ್ಸೆಂಟ್‌ಗೆ ಇಳಿಯಿತು. ಬೇರೆ ವ್ಯಾಪಾರದಲ್ಲಿ ಇದು ಅಷ್ಟು ದೊಡ್ಡ ಸುದ್ದಿ ಆಗುತ್ತಿರಲಿಲ್ಲ, ಕೊಳ್ಳುವಾಗ ಕೊಟ್ಟ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ, ಅಂದರೆ ಮಾರುವಾಗ ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆಯಬಹುದು. ಆಸ್ಪತ್ರೆಗೆ ಸಿಗುವುದಿಲ್ಲ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲದ ಕಾರಣ ಮಷಿನ್‌ಗೆ ಕಟ್ಟಿದ್ದು ಅವರ ಜೇಬಿನಿಂದ ಹೋದ ಹಾಗೆಯೇ. ಹತ್ತು ಲಕ್ಷದ ಮಷಿನ್‌ಗೆ ಮೊದಲು 1,20,000 ಆಗುತ್ತಿತ್ತು, ಈಗ 50,000. ಉಳಿದ 70,000ದಲ್ಲಿ ಒಂದು ಒಳ್ಳೆ ಯುಪಿಎಸ್ ಬರುತ್ತದೆ, ಅಲ್ವಾ? ಅದನ್ನೇ ಹೇಳಿ ಮಾರುತ್ತೇನೆ. ಆದರೆ ಯುಪಿಎಸ್‌ಗೂ ಎಎಂಸಿಗೂ (ವರ್ಷದ ನಿರ್ವಹಣೆ ಒಪ್ಪಂದ) ಇನ್ನೂ 18 ಪರ್ಸೆಂಟೇ ಇದೆ, ಅದನ್ನೂ ಮೊದಲೇ ಹೇಳುತ್ತೇನೆ. ನನ್ನ ಹತ್ತಿರ 12ರಲ್ಲಿ ಕೊಂಡ ಸ್ಟಾಕ್ ಇತ್ತು, ಮಾರಬೇಕಾಗಿದ್ದು 5ರಲ್ಲಿ. ಉಳಿದ ಕ್ರೆಡಿಟ್ ಎಎಂಸಿ ಬಿಲ್ಲುಗಳ ತೆರಿಗೆಗೆ ವಜಾ ಆಯಿತು. ಬರೀ ಮಾಲು ಮಾರುವ ಗೆಳೆಯರ ರೊಕ್ಕ ಮಾತ್ರ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತು.

ಲ್ಯಾಬ್ ಕಡೆ ನಾನು ಜಾಸ್ತಿ ಹೋಗಿಲ್ಲ. ಅಲ್ಲಿ ಅನಲೈಸರ್ (ರಕ್ತ ಪರೀಕ್ಷೆಯ ಮಷಿನ್) ಪುಕ್ಕಟೆ ಇಟ್ಟು, ರೀಏಜೆಂಟ್ (ಪರೀಕ್ಷೆಗೆ ಬೇಕಾದ ರಾಸಾಯನಿಕ) ನಮ್ಮದೇ ಕೊಳ್ಳಬೇಕು ಅನ್ನುವ ಪದ್ಧತಿ. ದೊಡ್ಡ ಬಂಡವಾಳದವರಿಗೆ ಸರಿ. ಸರ್ಕಾರಿ ಟೆಂಡರ್ ಕೂಡ ಹಾಗೆಯೇ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನ ಜಿಮ್ಸ್, ಹಾವೇರಿಯ ಹೊಸ ಮೆಡಿಕಲ್ ಕಾಲೇಜು ಇವೆಲ್ಲ ದೊಡ್ಡ ಗಿರಾಕಿಗಳೇ. ಆದರೆ ಇಎಂಡಿ (ಟೆಂಡರ್ ಠೇವಣಿ) ಕಟ್ಟಿ, ಎಲ್-1 (ಎಲ್ಲರಿಗಿಂತ ಕಡಿಮೆ ದರ ಹಾಕಿದವರು) ಆಗಲು ದರ ಕೊಯ್ದು, ಪೇಮೆಂಟ್‌ಗೆ ಕಾಯುವ ಶಕ್ತಿ ಸಣ್ಣ ಡೀಲರ್‌ಗೆ ಇರುವುದಿಲ್ಲ. ನಾನು ಮಾಡುವುದು ಬೇರೆ: ಟೆಂಡರ್ ಗೆದ್ದ ಕಂಪನಿಗೆ ಈ ಭಾಗದಲ್ಲಿ ಎಂಜಿನಿಯರ್ ಇರುವುದಿಲ್ಲ, ಅವರ ಸರ್ವಿಸ್ ಕೆಲಸವನ್ನು ಒಪ್ಪಂದದ ಮೇಲೆ ಹಿಡಿಯುತ್ತೇನೆ. ಮೆಡಿಕಲ್ ಕಾಲೇಜು ಬಂದ ಊರಿನಲ್ಲಿ ಸುತ್ತಲಿನ ಖಾಸಗಿ ಆಸ್ಪತ್ರೆಗಳೂ ಹಳೆ ಮಷಿನ್ ಬದಲಿಸುತ್ತವೆ. ಅಲ್ಲಿ ನೋಡಿದ್ದನ್ನು ಡಾಕ್ಟರು ಇಲ್ಲೂ ಕೇಳುತ್ತಾರೆ.

ಈಗ ಮೇಜಿನ ಮೇಲಿರುವುದು ಹಾವೇರಿ ಜಿಲ್ಲೆಯ ಕೆಲವು ಡಾಕ್ಟರುಗಳ ಪ್ರಸ್ತಾಪ. ಎಲ್ಲರೂ ಸೇರಿ ಒಂದು ಸಿಟಿ ಸ್ಕ್ಯಾನ್ ಹಾಕೋಣ ಅಂತ. "ನೀವ ಹೇಳ್ರಿ, ಆಗತೈತೋ ಇಲ್ಲೋ?" ಅಂದರು. ಮಷಿನ್ ದರ ಎಲ್ಲರಿಗೂ ಗೊತ್ತು, ನಾನು ಉಳಿದದ್ದನ್ನು ಬರೆದುಕೊಟ್ಟೆ. ಟ್ಯೂಬ್ ಮಾಮೂಲಿ ಎಎಂಸಿಯಲ್ಲಿ ಬರುವುದಿಲ್ಲ, ಬದಲಿಸಬೇಕಾದರೆ ಹಲವು ಲಕ್ಷ. ರೂಮಿನ ಎಸಿ ರಾತ್ರಿ ಕೂಡ ಓಡಬೇಕು. ಟೆಕ್ನಿಷಿಯನ್ ರಜೆ ಹಾಕಿದರೆ ಇನ್ನೊಬ್ಬ ಬೇಕು. ಹುಬ್ಬಳ್ಳಿ ಹತ್ತಿರವೇ ಇರುವುದರಿಂದ ಜನ ಅಲ್ಲಿಗೇ ಹೋಗಿ ರೂಢಿಯಾಗಿದ್ದಾರೆ, ಅಪಘಾತದ ಕೇಸುಗಳು ಮಾತ್ರ ಖಂಡಿತ ಇಲ್ಲೇ ಉಳಿಯುತ್ತವೆ. ದಿನಕ್ಕೆ ಎಷ್ಟು ಸ್ಕ್ಯಾನ್ ಬರೆದು ಹೊರಗೆ ಕಳಿಸುತ್ತೀರಿ ಅಂತ ಪ್ರತಿಯೊಬ್ಬರೂ ಎರಡು ತಿಂಗಳು ಡೈರಿ ಇಡಿ, ಆಮೇಲೆ ಬ್ಯಾಂಕಿಗೆ ಹೋಗೋಣ ಅಂದಿದ್ದೇನೆ. ಅದರಲ್ಲಿ ಒಬ್ಬರು ಬೇಜಾರಾಗಿ ಬೇರೆ ಡೀಲರ್‌ಗೆ ಫೋನ್ ಮಾಡಿದರಂತೆ. ಉಳಿದವರು ಡೈರಿ ಬರೆಯುತ್ತಿದ್ದಾರೆ.