ಸಂಬಳದ ಪಶುವೈದ್ಯರು ಸ್ವಂತ ಕ್ಲಿನಿಕ್ ತೆರೆಯುವ ಮುನ್ನ

ನಗರದ ಖಾಸಗಿ ಸಾಕುಪ್ರಾಣಿ ಆಸ್ಪತ್ರೆಯೊಂದರಲ್ಲಿ ನಾಲ್ಕಾರು ವರ್ಷ ದುಡಿದ ಪಶುವೈದ್ಯರಿಗೆ ರೋಗಪತ್ತೆಯೂ ಶಸ್ತ್ರಚಿಕಿತ್ಸೆಯೂ ಕೈವಶವಾಗಿರುತ್ತವೆ. ಆದರೆ ತಿಂಗಳ ಕೊನೆಗೆ ಆಸ್ಪತ್ರೆಯ ಬಾಡಿಗೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಅವರು ನೋಡಿರುವುದಿಲ್ಲ. ಆದ್ದರಿಂದ ರಾಜೀನಾಮೆ ಬರೆಯುವ ಮೊದಲು ಖರ್ಚಿನ ಲೆಕ್ಕ ಬರೆಯುವುದು ಒಳ್ಳೆಯದು. ಉದಾಹರಣೆಗೆ ಬಾಡಿಗೆ 30,000 ರೂಪಾಯಿ, ಇಬ್ಬರು ಸಹಾಯಕರ ಸಂಬಳ 36,000, ಸಾಲದ ಕಂತು 20,000, ವಿದ್ಯುತ್ತು, ತ್ಯಾಜ್ಯ ವಿಲೇವಾರಿ ಮುಂತಾದವು 14,000 ಎಂದಿಟ್ಟುಕೊಂಡರೆ ತಿಂಗಳಿಗೆ ಒಂದು ಲಕ್ಷವಾಯಿತು. ತಿಂಗಳಿಗೆ 25 ದಿನ ಬಾಗಿಲು ತೆರೆದರೆ ದಿನಕ್ಕೆ 4,000. ಔಷಧದ ಖರೀದಿ ಬೆಲೆ ಕಳೆದು ಒಂದು ಕೇಸಿನಿಂದ 400 ರೂಪಾಯಿ ಉಳಿಯುವುದಾದರೆ ಮೊದಲ ಹತ್ತು ಕೇಸು ಕಟ್ಟಡಕ್ಕೂ ಸಿಬ್ಬಂದಿಗೂ ಬ್ಯಾಂಕಿಗೂ ಹೋಗುತ್ತವೆ. ಈಗ ಬರುತ್ತಿರುವ ಸಂಬಳ 60,000 ಆಗಿದ್ದರೆ ಅಷ್ಟನ್ನೇ ಮನೆಗೆ ಒಯ್ಯಲು ಇನ್ನೂ ಆರು ಕೇಸು ಬೇಕು. ದಿನಕ್ಕೆ ಹದಿನಾರು ಕೇಸು ಮೊದಲ ವರ್ಷದಲ್ಲೇ ಬರುತ್ತವೆಂದು ನಂಬುವುದು ಕಷ್ಟ. ಆದ್ದರಿಂದ ಕನಿಷ್ಠ ಆರು ತಿಂಗಳ ಖರ್ಚು ಕೈಯಲ್ಲಿರದೆ ಕೆಲಸ ಬಿಡಬಾರದೆಂಬುದು ನನ್ನ ಅಭಿಪ್ರಾಯ.

ಲೆಕ್ಕಕ್ಕಿಂತ ಕಷ್ಟವಾದದ್ದು ಫೀಸು ಕೇಳುವುದು. ಸಂಬಳಕ್ಕಿದ್ದಾಗ ಹಣದ ಮಾತನ್ನು ಕೌಂಟರಿನವರು ಆಡುತ್ತಿದ್ದರು. ಈಗ ಸ್ವತಃ ಆಡಬೇಕಾಗಿ ಬಂದಾಗ ಅನೇಕರು ಸಂಕೋಚದಿಂದ ಪರೀಕ್ಷೆಯ ಫೀಸನ್ನು ಬಿಟ್ಟುಕೊಟ್ಟು, ಚುಚ್ಚುಮದ್ದು, ಮಾತ್ರೆಗಳ ಮೇಲಿನ ಲಾಭದಲ್ಲಿ ಅದನ್ನು ಸರಿದೂಗಿಸಿಕೊಳ್ಳುತ್ತಾರೆ. ಇದರಿಂದ ಔಷಧ ಬೇಡದ ಕೇಸಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಮೇಲಾಗಿ ಬೇಡದ ಔಷಧ ಬರೆಯುವ ಆಸೆಯೂ ಮೂಡುತ್ತದೆ. ಪರೀಕ್ಷೆ, ಮರುಭೇಟಿ, ಮನೆಭೇಟಿ, ರಾತ್ರಿ ಹೊತ್ತಿನ ತುರ್ತು ಚಿಕಿತ್ಸೆ ಇವುಗಳ ದರಪಟ್ಟಿಯನ್ನು ಮೊದಲ ದಿನದಿಂದಲೇ ಗೋಡೆಗೆ ಹಾಕುವುದು ಉತ್ತಮ. ಪಾರ್ವೊ (ನಾಯಿಮರಿಗಳಿಗೆ ವಾಂತಿ, ಭೇದಿ ತರುವ ಅಂಟುರೋಗ) ತಗುಲಿದ ಮರಿಯನ್ನು ದಾಖಲಿಸಿಕೊಳ್ಳುವಾಗ ದಿನದ ಡ್ರಿಪ್ಪು, ವಾಂತಿ ನಿಲ್ಲಿಸುವ ಔಷಧ, ರಕ್ತಪರೀಕ್ಷೆ, ಸಿಬ್ಬಂದಿಯ ಆರೈಕೆ ಇಷ್ಟನ್ನೂ ಬಿಡಿಬಿಡಿಯಾಗಿ ಬರೆದ ಅಂದಾಜು ಪಟ್ಟಿಯನ್ನು ಮಾಲೀಕರ ಕೈಗಿಟ್ಟು, ಮರಿ ಬದುಕದೆಯೂ ಹೋಗಬಹುದೆಂದು ಆಗಲೇ ಹೇಳಿ, ಸಹಿ ಪಡೆಯಬೇಕು. ಮರಿ ಸತ್ತ ಮೇಲೆ ಬಿಲ್ಲಿನ ಮಾತೆತ್ತುವುದು ಇಬ್ಬರಿಗೂ ನೋವಿನ ಸಂಗತಿ. ಅರಿವಳಿಕೆ ಕೊಡುವ ಪ್ರತಿ ಕೇಸಿಗೂ ಒಪ್ಪಿಗೆ ಪತ್ರ ಬೇಕೇ ಬೇಕು.

ಹೊಸದಾಗಿ ತೆರೆಯುವ ಬದಲು ನಿವೃತ್ತರಾಗುತ್ತಿರುವ ವೈದ್ಯರ ಕ್ಲಿನಿಕ್ಕನ್ನು ಕೊಳ್ಳುವ ದಾರಿಯೂ ಇದೆ. ಹಾಗೆ ಕೊಳ್ಳುವಾಗ ಯಂತ್ರಗಳ ಬೆಲೆಗಿಂತ ಕಳೆದ ಮೂರು ವರ್ಷಗಳ ಆದಾಯ ತೆರಿಗೆ ವಿವರ, ಲಸಿಕೆ ರಿಜಿಸ್ಟರು ಮತ್ತು ಬಾಡಿಗೆ ಕರಾರನ್ನು ಹೆಚ್ಚು ಗಮನದಿಂದ ನೋಡಬೇಕು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು ಇಲ್ಲಿ ಎರಡು ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಲಸ ಬಿಟ್ಟ ಮೇಲೆ ಇಂತಿಷ್ಟು ದೂರದೊಳಗೆ ವೃತ್ತಿ ಮಾಡಕೂಡದೆಂದು ಹಳೆಯ ಆಸ್ಪತ್ರೆ ಬರೆಸಿಕೊಂಡ ಷರತ್ತು ಸಾಮಾನ್ಯವಾಗಿ ಅದರ ಪ್ರಕಾರ ಊರ್ಜಿತವಾಗುವುದಿಲ್ಲ. ಆದರೆ ವ್ಯವಹಾರದ ಗುಡ್‌ವಿಲ್ (ಅದು ಗಳಿಸಿದ ಹೆಸರು ಮತ್ತು ಗ್ರಾಹಕ ಬಳಗ) ಮಾರಿದವರು ನಿರ್ದಿಷ್ಟ ಸ್ಥಳದ ಮಿತಿಯಲ್ಲಿ ಅದೇ ವ್ಯವಹಾರ ನಡೆಸಬಾರದೆಂಬ ಷರತ್ತು, ಸಮಂಜಸವಾಗಿದ್ದರೆ, ನಿಲ್ಲುತ್ತದೆ. ಕ್ಲಿನಿಕ್ ಕೊಳ್ಳುವವರು ಇದನ್ನು ಬರೆಸಿಕೊಳ್ಳದಿದ್ದರೆ ಹಳೆಯ ವೈದ್ಯರು ಮುಂದಿನ ಬೀದಿಯಲ್ಲೇ ಬೋರ್ಡು ಹಾಕಬಹುದು. ಹಳೆಯ ಆಸ್ಪತ್ರೆಯ ಗ್ರಾಹಕರ ಫೋನ್ ಪಟ್ಟಿಯನ್ನು ನಕಲು ಮಾಡಿ ತರುವುದು ಮಾತ್ರ ಬೇರೆಯೇ ವಿಷಯ. ಅದು ಗೌಪ್ಯ ಮಾಹಿತಿಯೆಂಬ ತಕರಾರಿಗೆ ಆಸ್ಪದ ಕೊಡುತ್ತದೆ.

ಪರವಾನಗಿಗಳಲ್ಲಿ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರುವುದು ಮೊದಲನೆಯದು. ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಬೇಕು. 2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಪಶುವೈದ್ಯ ಸಂಸ್ಥೆಗಳಿಗೂ ಅನ್ವಯಿಸುವುದರಿಂದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯೂ ತ್ಯಾಜ್ಯ ಒಯ್ಯುವ ಸಂಸ್ಥೆಯೊಂದಿಗೆ ಒಪ್ಪಂದವೂ ಇರಬೇಕು. ಎಕ್ಸ್‌ರೇ ಯಂತ್ರ ಇಡುವುದಾದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಬೇಕು. ತಮ್ಮ ಚಿಕಿತ್ಸೆಯಲ್ಲಿರುವ ಪ್ರಾಣಿಗಳಿಗೆ ಔಷಧ ಕೊಡುವುದಕ್ಕೂ ಬಂದವರಿಗೆಲ್ಲ ಮಾರುವ ಅಂಗಡಿ ಇಡುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಎರಡನೆಯದಕ್ಕೆ ಔಷಧ ಮಾರಾಟದ ಲೈಸೆನ್ಸು ಬೇಕಾಗುತ್ತದೆ. ಅರಿವಳಿಕೆ ಔಷಧವಾದ ಕೆಟಮಿನ್ ಅನ್ನು ಬೀಗದೊಳಗಿಟ್ಟು, ಬಳಸಿದ ಪ್ರತಿ ಮಿಲಿಲೀಟರನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಪ್ರಾಣಿಗಳ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿಯಿದೆ; ನಾಯಿಯ ಆಹಾರ, ಶಾಂಪೂ, ಬೆಲ್ಟುಗಳ ಮಾರಾಟಕ್ಕೆ ಆ ವಿನಾಯಿತಿ ಇಲ್ಲವಾದ್ದರಿಂದ ಬಿಲ್ಲುಗಳನ್ನು ಆರಂಭದಿಂದಲೇ ಬೇರೆ ಬೇರೆ ಇಡಿ.

ಸಾಲಕ್ಕೆ ಮುದ್ರಾ ಯೋಜನೆಯನ್ನು ಎಲ್ಲರೂ ಬಲ್ಲರು. ಅಷ್ಟು ಪರಿಚಿತವಲ್ಲದ್ದು 2002ರಲ್ಲಿ ಆರಂಭವಾದ ಅಗ್ರಿ ಕ್ಲಿನಿಕ್ ಮತ್ತು ಅಗ್ರಿ ಬಿಸಿನೆಸ್ ಕೇಂದ್ರಗಳ ಯೋಜನೆ. ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆಯ (ಮ್ಯಾನೇಜ್) ಮೂಲಕ 45 ದಿನಗಳ ಉಚಿತ ತರಬೇತಿ ಪಡೆದವರಿಗೆ ಬ್ಯಾಂಕ್ ಸಾಲ ಮತ್ತು ನಬಾರ್ಡ್ ಮೂಲಕ ಸಹಾಯಧನ ಇದರಲ್ಲಿದ್ದು, ಪಶುಚಿಕಿತ್ಸಾಲಯವೂ ಅರ್ಹ ಚಟುವಟಿಕೆಗಳಲ್ಲಿ ಸೇರಿದೆ. ಹಸು, ಎಮ್ಮೆಗಳ ಚಿಕಿತ್ಸೆಗಾಗಿ ತಾಲ್ಲೂಕು ಕೇಂದ್ರದಲ್ಲಿ ನೆಲೆಯೂರಲು ಬಯಸುವವರು ಇದನ್ನು ಮೊದಲು ವಿಚಾರಿಸಬೇಕು.

ಕಟ್ಟಡದ ವಿಷಯದಲ್ಲಿ ಅಂದಕ್ಕಿಂತ ಬಾಗಿಲುಗಳು ಮುಖ್ಯ. ಪಾರ್ವೊ ಶಂಕೆಯ ಮರಿಯೂ ಮೊದಲ ಲಸಿಕೆಗೆ ಬಂದ ಮರಿಯೂ ಒಂದೇ ಬೆಂಚಿನ ಮೇಲೆ ಕಾಯುವಂತಾಗಬಾರದು. ಪ್ರತ್ಯೇಕ ಕೋಣೆ, ಬ್ಲೀಚ್ ದ್ರಾವಣದಿಂದ ತೊಳೆಯಬಹುದಾದ ನೆಲ ಇರಬೇಕು. ಲಸಿಕೆಯ ಫ್ರಿಜ್ಜು 2ರಿಂದ 8 ಡಿಗ್ರಿ ಸೆಲ್ಸಿಯಸ್ ದಾಟದಂತೆ ವಿದ್ಯುತ್ ಕೈಕೊಟ್ಟಾಗಲೂ ನಡೆಯುವ ವ್ಯವಸ್ಥೆ ಬೇಕು. ಅಲ್ಟ್ರಾಸೌಂಡ್ ಯಂತ್ರ ಒಂದು ವರ್ಷ ಕಾಯಬಹುದು. ಅಲ್ಲಿಯವರೆಗೆ ಅಂಥ ಕೇಸುಗಳನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಕಳುಹಿಸುವುದರಲ್ಲಿ ಅವಮಾನವೇನೂ ಇಲ್ಲ.

ಕೊನೆಯದಾಗಿ, ಸ್ವಂತ ಕ್ಲಿನಿಕ್ಕಿನಲ್ಲಿ ರಜೆ ಮಂಜೂರು ಮಾಡುವವರೂ ಬದಲಿಗೆ ನಿಲ್ಲುವವರೂ ಇರುವುದಿಲ್ಲ. ಬಾಗಿಲು ತೆರೆಯುವ ಮುನ್ನವೇ ಸುತ್ತಲಿನ ಒಬ್ಬಿಬ್ಬರು ವೈದ್ಯರೊಂದಿಗೆ ಮಾತಾಡಿ, ವಾರದ ಯಾವ ರಾತ್ರಿ ಯಾರು ತುರ್ತು ಕರೆ ನೋಡಬೇಕು, ಮತ್ತೊಬ್ಬರ ಗ್ರಾಹಕರಿಗೆ ಚಿಕಿತ್ಸೆ ಕೊಟ್ಟರೆ ಫೀಸು ಯಾರಿಗೆ, ಮರುಭೇಟಿಗೆ ಯಾರಲ್ಲಿಗೆ ಕಳುಹಿಸಬೇಕು ಎಂಬುದನ್ನು ಬರಹದಲ್ಲೇ ತೀರ್ಮಾನಿಸಿಕೊಳ್ಳಬೇಕು.