ನಾಯಿಯ ಕಿವಿ ಊದಿಕೊಂಡಿದೆಯೇ? ಸೂಜಿಗೆ ಕೈ ಹಾಕುವ ಮುನ್ನ ಓದಿ

ಮಳೆಗಾಲ ಶುರುವಾಗಿ ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಶಿರಸಿ ಸೀಮೆಯ ತೋಟದ ಮನೆಗಳಲ್ಲಿ ಒಂದಲ್ಲ ಒಂದು ನಾಯಿ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಜಗುಲಿಯಲ್ಲಿ ಕುಳಿತಿರುತ್ತದೆ. ಹಿಂದಿನ ದಿನದವರೆಗೆ ತೆಳ್ಳಗಿದ್ದ ಕಿವಿಹಾಲೆ ಬೆಳಗಾಗುವುದರೊಳಗೆ ಎಣ್ಣೆಯಲ್ಲಿ ಉಬ್ಬಿದ ಪೂರಿಯಂತಾಗಿ ಜೋತುಬಿದ್ದಿರುತ್ತದೆ. ಒತ್ತಿದರೆ ಒಳಗೆ ನೀರು ತುಂಬಿದಂತೆ ಅಲುಗುತ್ತದೆ. ಇದನ್ನು ಕೀವಿನ ಗುಳ್ಳೆಯೆಂದು ಭಾವಿಸಿ ನಿಂಬೆಮುಳ್ಳಿನಿಂದಲೋ ಔಷಧದಂಗಡಿಯ ಸಿರಿಂಜಿನಿಂದಲೋ ಚುಚ್ಚಿ ಖಾಲಿ ಮಾಡಿದವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಎರಡು ದಿನದೊಳಗೆ ಅದು ಮತ್ತೆ ತುಂಬಿಕೊಂಡಿದ್ದನ್ನೂ, ಮೂರನೆಯ ಸಲ ಚುಚ್ಚುವ ಹೊತ್ತಿಗೆ ನಿಜವಾಗಿಯೂ ಕೀವು ಬಂದಿದ್ದನ್ನೂ ಕಂಡಿದ್ದೇನೆ.

ಕಿವಿಹಾಲೆಯೆಂದರೆ ಎರಡು ಪದರ ಚರ್ಮದ ನಡುವೆ ಇರುವ ಮೃದ್ವಸ್ಥಿಯ ಹಾಳೆ. ನಾಯಿ ತಲೆಯನ್ನು ಪಟಪಟನೆ ಕೊಡವಿದಾಗ ಅಥವಾ ಹಿಂಗಾಲಿನಿಂದ ಬಲವಾಗಿ ಕೆರೆದುಕೊಂಡಾಗ ಒಳಗಿನ ಸಣ್ಣ ರಕ್ತನಾಳ ಹರಿದು, ಪದರಗಳು ಬಿಟ್ಟುಕೊಂಡು, ಆ ಸಂದಿಯಲ್ಲಿ ರಕ್ತ ನಿಲ್ಲುತ್ತದೆ. ವೈದ್ಯರು ಹೆಮಟೋಮಾ ಎನ್ನುವುದು ಇದನ್ನೇ. ಹಾಗೆಯೇ ಬಿಟ್ಟರೆ ಕೆಲವು ವಾರಗಳಲ್ಲಿ ದೇಹವೇ ಅದನ್ನು ಹೀರಿಕೊಳ್ಳುತ್ತದೆ ನಿಜ, ಆದರೆ ಒಳಗಿನ ಗಾಯ ಎಳೆದುಕೊಂಡು ಕಿವಿ ಬಿಸಿಲಿಗೆ ಸಿಕ್ಕ ವೀಳ್ಯದೆಲೆಯಂತೆ ಮುದುಡಿ ಗಡುಸಾಗುತ್ತದೆ. ಊತ ಬುಡದ ಬಳಿ ಇದ್ದರೆ ಕಿವಿಯ ರಂಧ್ರವೂ ಕಿರಿದಾಗಬಹುದು.

ಮೊದಲು ಊತದ ಗುರುತು ಹಿಡಿಯಿರಿ. ಹೆಮಟೋಮಾ ಸಾಮಾನ್ಯವಾಗಿ ಒಂದೇ ಕಿವಿಯಲ್ಲಿ, ಹೆಚ್ಚಾಗಿ ಒಳಮುಖದಲ್ಲಿ ಬರುತ್ತದೆ. ಮುಖ, ತುಟಿ, ಕಣ್ಣಿನ ಸುತ್ತ ಎಲ್ಲವೂ ಒಟ್ಟಿಗೆ ಊದಿಕೊಂಡಿದ್ದರೆ ಕಡಜವೋ ಜೇನೋ ಕಚ್ಚಿರುವ ಸಂಭವವಿದ್ದು, ಉಸಿರಾಟಕ್ಕೆ ತೊಂದರೆಯಾಗುವಂತಿದ್ದರೆ ಒಂದು ಗಳಿಗೆಯೂ ಕಾಯಬಾರದು. ಬರೀ ಕಿವಿಯ ಊತಕ್ಕೆ ಅಂತಹ ಗಡಿಬಿಡಿ ಬೇಕಿಲ್ಲ. ಎರಡು ಮೂರು ದಿನದೊಳಗೆ ವೈದ್ಯರ ಬಳಿಗೆ ಹೋದರೆ ಸಾಕು. ಇದಕ್ಕಾಗಿ ಮಳೆಯ ರಾತ್ರಿಯಲ್ಲಿ ದೇವಿಮನೆ ಘಟ್ಟ ಹತ್ತುವ ಅಗತ್ಯವಿಲ್ಲ. ಅಲ್ಲಿಯವರೆಗೆ ಕಿವಿ ಬಡಿದುಕೊಳ್ಳದಂತೆ, ಮುಂದೆ ಹೇಳುವ ರೀತಿಯಲ್ಲಿ ತಲೆಗೆ ಸೇರಿಸಿ ಕಟ್ಟಿಡಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ, ಅವು ನಾಯಿಗೆ ವಿಷವಾಗಬಲ್ಲವು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುವುದರಿಂದ ಊತ ಇನ್ನಷ್ಟು ಹೆಚ್ಚೀತು.

ಎರಡನೆಯದಾಗಿ, ನಾಯಿ ತಲೆ ಕೊಡವಿದ್ದು ಏಕೆ ಎಂಬುದನ್ನು ಹುಡುಕಬೇಕು. ಊತವನ್ನಷ್ಟೇ ಗುಣಪಡಿಸಿ ತುರಿಕೆಯನ್ನು ಬಿಟ್ಟರೆ ಅದೇ ಕಿವಿ, ಇಲ್ಲವೇ ಪಕ್ಕದ ಕಿವಿ ಮತ್ತೆ ಊದುತ್ತದೆ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಜೋಲುಕಿವಿಯ ಒಳಗೆ ಶಿಲೀಂಧ್ರ ಬೆಳೆದು ಹುಳಿವಾಸನೆ ಬರುವುದುಂಟು. ಕಾಫಿಪುಡಿಯಂತಹ ಕಪ್ಪು ಕಸ ಕಂಡರೆ ಕಿವಿನುಸಿ ಇರಬಹುದು. ಬೆಟ್ಟಕ್ಕೆ ಹೋಗಿಬರುವ, ತೋಟದಲ್ಲಿ ಮಂಗ ಓಡಿಸುವ ನಾಯಿಯಾದರೆ ಉಣುಗು, ಉಂಬಳ, ಹುಲ್ಲಿನ ಮುಳ್ಳುಬೀಜ, ಇವುಗಳಲ್ಲಿ ಯಾವುದೂ ಒಳಗೆ ಸೇರಿರಬಹುದು. ನೋಡುವುದಷ್ಟೇ ನಿಮ್ಮ ಕೆಲಸ. ಸೀಮೆಎಣ್ಣೆ, ಕರ್ಪೂರದ ಎಣ್ಣೆ, ಮನುಷ್ಯರ ಕಿವಿಗೆ ಬಿಡುವ ಔಷಧ, ಏನನ್ನೂ ಹಾಕಕೂಡದು. ಕಿವಿಯೊಳಗಿನ ತಮಟೆ ಹರಿದಿದ್ದರೆ ಕೆಲವು ಔಷಧಗಳು ಕಿವುಡುತನವನ್ನೇ ತಂದುಬಿಡುತ್ತವೆ. ಕಿವಿಯ ಎಲ್ಲ ತೊಂದರೆಗೂ ಒಂದೇ ಮದ್ದೆಂದು ಮಾರುವ ಪುಡಿಗಳನ್ನಂತೂ ನಾನು ಮನೆಯೊಳಗೆ ಸೇರಿಸುವುದಿಲ್ಲ. ತೇವಕ್ಕೆ ಅವು ಒಳಗೇ ಗಾರೆಯಂತೆ ಗಟ್ಟಿಯಾಗುತ್ತವೆ.

ಮೂರನೆಯದು ವೈದ್ಯರ ಹಂತ. ಸೂಜಿಯಿಂದ ರಕ್ತ ತೆಗೆದು ಅಲ್ಲಿಗೇ ಸ್ಟೀರಾಯ್ಡ್ ಕೊಡುವುದು ಒಂದು ವಿಧಾನ. ಊತ ಹೊಸದಾಗಿ, ಚಿಕ್ಕದಾಗಿದ್ದರೆ ಇದು ಫಲಿಸುತ್ತದೆ, ಆದರೆ ಮರುಕಳಿಸುವುದೂ ಹೆಚ್ಚು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರೆ ಅದನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ. ಹಸುವಿನ ಮೊಲೆಯಿಂದ ಹಾಲು ಇಳಿಸುವ ಸಣ್ಣ ನಳಿಕೆಯನ್ನು ಊತದ ಕೆಳತುದಿಯಲ್ಲಿ ಕೂರಿಸಿ, ಒಂದೆರಡು ವಾರ ದ್ರವ ತಾನಾಗಿ ಹರಿದುಹೋಗುವಂತೆ ಮಾಡುವುದು ಇನ್ನೊಂದು ವಿಧಾನ. ದಿನವಿಡೀ ಹಸು ಎಮ್ಮೆಗಳನ್ನೇ ನೋಡುವ ನಮ್ಮ ಪಶುವೈದ್ಯರಿಗೆ ಈ ನಳಿಕೆ ಹೊಸದಲ್ಲ. ಆದ್ದರಿಂದ ಇದನ್ನು ಬಳಸಲು ಆಗುವುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ದೊಡ್ಡ ಊತಕ್ಕೆ ನನ್ನ ಮತವೆಲ್ಲ ಶಸ್ತ್ರಚಿಕಿತ್ಸೆಗೇ. ಅರಿವಳಿಕೆ ಕೊಟ್ಟು, ಕಿವಿಯ ಒಳಮುಖದಲ್ಲಿ ಸೀಳಿ, ಹೆಪ್ಪನ್ನು ತೊಳೆದು ತೆಗೆದ ಮೇಲೆ ಕಿವಿಹಾಲೆಯ ಉದ್ದಕ್ಕೂ ಸುಮಾರು 1 ಸೆಂಟಿಮೀಟರ್ ಅಂತರದಲ್ಲಿ ಹೊಲಿಗೆ ಹಾಕುತ್ತಾರೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಯನ್ನು ನೋಡಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ: ಪದರಗಳ ನಡುವೆ ಮತ್ತೇನೂ ತುಂಬಿಕೊಳ್ಳಲು ಜಾಗವೇ ಉಳಿಯಬಾರದು. ಸೀಳಿದ ಬಾಯಿಯನ್ನು ಪೂರ್ತಿ ಮುಚ್ಚದೆ ಬಿಡುವುದು ಉಳಿದ ದ್ರವ ಸೋರಿಹೋಗಲೆಂದು. ವೈದ್ಯರು ಹೊಲಿಯಲು ಮರೆತರೆಂದು ಗಾಬರಿಯಾಗಬೇಡಿ. ಶಸ್ತ್ರಚಿಕಿತ್ಸೆಗೂ ಮೊದಲು ಒಂದು ಮಾತು. ಉಣುಗಿನಿಂದ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಕುಸಿಯುವುದರಿಂದ, ನಾಯಿಯ ಒಸಡು ಬಿಳಿಚಿದ್ದರೆ ಅಥವಾ ಅದರ ಮೇಲೆ ಕೆಂಪು ಚುಕ್ಕಿಗಳಿದ್ದರೆ ರಕ್ತಪರೀಕ್ಷೆಯಾಗದೆ ಕತ್ತರಿ ಆಡಿಸಲು ಒಪ್ಪಬೇಡಿ.

ಇನ್ನು ನಾಲ್ಕನೆಯದು, ಕಟ್ಟು ಕಟ್ಟುವುದು. ಒಳ್ಳೆಯ ಶಸ್ತ್ರಚಿಕಿತ್ಸೆ ಹಾಳಾಗುವುದು ಬಹುಮಟ್ಟಿಗೆ ಇಲ್ಲಿಯೇ, ಅದೂ ಮನೆಯವರ ಕೈಯಲ್ಲಿ. ಮೊದಲ ಕಟ್ಟನ್ನು ವೈದ್ಯರೇ ಹಾಕುತ್ತಾರೆ, ಆದರೆ 2–3 ದಿನಕ್ಕೊಮ್ಮೆ ಅದನ್ನು ಬದಲಿಸುವವರು ನೀವು. ಈ ಕೆಲಸಕ್ಕೆ ಇಬ್ಬರು ಬೇಕು. ಎಷ್ಟೇ ಸಾಧುವಾದರೂ ನೋವಿನಲ್ಲಿರುವ ನಾಯಿ ಕಚ್ಚೀತು, ಆದ್ದರಿಂದ ಮೆತ್ತನೆಯ ಬಟ್ಟೆಪಟ್ಟಿಯಿಂದ ಮೂತಿ ಕಟ್ಟಿಕೊಳ್ಳಿ. ತಲೆಯ ಮೇಲೆ ಹತ್ತಿ ಮತ್ತು ಗಾಜ್ ಬಟ್ಟೆ ಸೇರಿಸಿ ಮಾಡಿದ ಮೆತ್ತೆಯೊಂದನ್ನಿಟ್ಟು, ಕಿವಿಯನ್ನು ಹಿಂದಕ್ಕೆ ಮಡಚಿ, ಒಳಮುಖ ಮೇಲಾಗುವಂತೆ ಅದರ ಮೇಲೆ ಚಪ್ಪಟೆಯಾಗಿ ಹರಡಿ. ಕಿವಿ ಎಲ್ಲಿಯೂ ಸುಕ್ಕುಗಟ್ಟಬಾರದು, ತುದಿ ಮಡಚಿಕೊಳ್ಳಬಾರದು. ಗಾಯದ ಮೇಲೆ ಇನ್ನೊಂದು ಮೆತ್ತೆ ಇಡಿ. ಅನಂತರ ಗಾಜ್ ಸುರುಳಿಯನ್ನು ನೆತ್ತಿಯಿಂದ ಶುರುಮಾಡಿ, ಗಂಟಲ ಕೆಳಗಿನಿಂದ ತಂದು, ಒಂದು ಸುತ್ತು ಒಳ್ಳೆಯ ಕಿವಿಯ ಮುಂದಿನಿಂದ, ಮತ್ತೊಂದು ಸುತ್ತು ಹಿಂದಿನಿಂದ ಹೋಗುವಂತೆ ನಾಲ್ಕೈದು ಸಲ ಸುತ್ತಿ. ಆ ಒಳ್ಳೆಯ ಕಿವಿ ಹೊರಗೇ ಇದ್ದು ಗೂಟದಂತೆ ಕಟ್ಟನ್ನು ಹಿಡಿದಿಡುತ್ತದೆ; ಎರಡೂ ಕಿವಿಗಳನ್ನು ಒಳಗೆ ಸೇರಿಸಿದ ಕಟ್ಟು ರಾತ್ರಿಯೊಳಗೆ ಜಾರಿ ಕುತ್ತಿಗೆಗೆ ಬಂದಿರುತ್ತದೆ.

ಬಿಗಿ ಎಷ್ಟಿರಬೇಕೆಂಬುದೇ ಎಲ್ಲರೂ ಎಡವುವ ಜಾಗ. ಗಂಟಲ ಬಳಿ ಕಟ್ಟಿನೊಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ನಾಯಿ ನಿಂತಾಗ ಸರಿಯಿದ್ದ ಕಟ್ಟು ಅದು ಮಲಗಿ ತಲೆ ತಗ್ಗಿಸಿದಾಗ ಬಿಗಿಯಾಗಬಹುದಾದ್ದರಿಂದ, ಹತ್ತು ನಿಮಿಷ ಪಕ್ಕದಲ್ಲೇ ಕುಳಿತು ಅದರ ಉಸಿರನ್ನೂ ನಾಲಗೆಯ ಬಣ್ಣವನ್ನೂ ನೋಡಿ. ಎಳೆದರೆ ಹಿಗ್ಗುವ ಅಂಟುಪಟ್ಟಿಯನ್ನು ಬಳಸುವುದಾದರೆ ಅದನ್ನು ಸುರುಳಿಯಿಂದ ಮೊದಲು ಬಿಡಿಸಿಕೊಂಡು, ಎಳೆಯದೆ ಹಚ್ಚಿ. ಎಳೆದು ಸುತ್ತಿದ ಪಟ್ಟಿ ಆಮೇಲೆ ಮೆಲ್ಲಗೆ ಕುಗ್ಗುತ್ತಾ ಹೋಗುತ್ತದೆ. ಅಗ್ಗದ ಅಂಟುಪಟ್ಟಿಯನ್ನು ಕೂದಲಿಗೆ ನೇರವಾಗಿ ಹಚ್ಚಿದವರು ಮುಂದಿನ ಸಲ ನಾಯಿಯನ್ನು ಹಿಡಿಯಲಾರರು. ಎಲ್ಲ ಮುಗಿದ ಮೇಲೆ ಕಟ್ಟಿನ ಹೊರಗೆ, ಕಿವಿ ಎಲ್ಲಿದೆಯೋ ಅಲ್ಲಿ, ಪೆನ್ನಿನಿಂದ ಅದರ ಆಕಾರವನ್ನು ಬರೆದಿಡಿ. ಇದು ಚಂದಕ್ಕಲ್ಲ. ಕಟ್ಟು ಬಿಚ್ಚುವಾಗ ಕತ್ತರಿಗೆ ಕಿವಿಯ ತುದಿಯೇ ಸಿಕ್ಕಿ ತುಂಡಾಗುವುದುಂಟು.

ಕಟ್ಟು ಮಳೆಗೆ ನೆನೆದರೆ ಆ ದಿನವೇ ಬದಲಿಸಬೇಕು. ವಾಸನೆ ಬಂದರೆ, ಮುಖ ಊದಿದರೆ, ನಾಯಿ ಬಿಡದೆ ಪರಚಿಕೊಳ್ಳುತ್ತಿದ್ದರೆ ಅವಧಿ ನೋಡದೆ ಬಿಚ್ಚಿ. ಇಷ್ಟೆಲ್ಲ ಆಗದವರು ಹಳೆಯ ಬನಿಯನ್ನಿನ ತೋಳನ್ನು ಕತ್ತರಿಸಿ ತಲೆಗೆ ತೊಡಿಸುವುದುಂಟು; ವೈದ್ಯರ ಬಳಿಗೆ ಹೋಗುವವರೆಗಿನ ಒಂದು ರಾತ್ರಿಗೆ ಅದು ಸಾಕು, ಹೊಲಿಗೆ ಹಾಕಿದ ಕಿವಿಗೆ ಸಾಲದು.

ಕಟ್ಟಿನ ಜೊತೆಗೆ ಕೊರಳಿಗೆ ಲಾಳಿಕೆಯಾಕಾರದ ಕಾಲರ್ ಹಾಕಲೇಬೇಕು. ನೆನೆಸಿದ ಅಡಿಕೆ ಹಾಳೆಯನ್ನು ಬಾಗಿಸಿ ನಾನೊಮ್ಮೆ ಕಾಲರ್ ಮಾಡಿದ್ದೆ. ಒಣಗಿದ ಮೇಲೆ ಅದರ ಅಂಚು ಕುತ್ತಿಗೆಯನ್ನು ತರಚಿ, ಒಂದು ಗಾಯಕ್ಕೆ ಎರಡಾದವು. ತಳ ಕತ್ತರಿಸಿ ಅಂಚಿಗೆ ಬಟ್ಟೆ ಹೊಲಿದ ಪ್ಲಾಸ್ಟಿಕ್ ಬಕೆಟ್ ಅದಕ್ಕಿಂತ ಎಷ್ಟೋ ಮೇಲು.

ಕಿವಿಯ ರಂಧ್ರಕ್ಕೆ ಕೊಟ್ಟ ಔಷಧವನ್ನು ಹೇಳಿದಷ್ಟು ದಿನವೂ ತಪ್ಪದೆ ಹಾಕಿ. ನಾಯಿಯ ಕಿವಿಯ ನಾಳ ನೇರವಾಗಿಲ್ಲ, ಕೆಳಗಿಳಿದು ಒಳಕ್ಕೆ ತಿರುಗುತ್ತದೆ. ಹಾಗಾಗಿ ಹತ್ತಿ ಸುತ್ತಿದ ಕಡ್ಡಿ ತೂರಿಸಿದರೆ ಕಸ ಇನ್ನೂ ಆಳಕ್ಕೆ ಹೋಗುತ್ತದೆ. ಔಷಧ ಬಿಟ್ಟು, ಬುಡವನ್ನು ಹೊರಗಿನಿಂದ ಮೆತ್ತಗೆ ನೀವಿ, ತಲೆ ಕೊಡವದಂತೆ ಮೂತಿಯನ್ನು ಒಂದೆರಡು ನಿಮಿಷ ಹಿಡಿದುಕೊಂಡಿರಿ.

ಹೊಲಿಗೆ ಬಿಚ್ಚಲು 2ರಿಂದ 3 ವಾರ ಬೇಕು. ಹತ್ತನೆಯ ದಿನಕ್ಕೇ ಕಿವಿ ಚೆನ್ನಾಗಿ ಕಾಣುತ್ತದೆಂದು ಮನೆಯಲ್ಲೇ ಬ್ಲೇಡು ಹಿಡಿಯುವವರಿದ್ದಾರೆ. ಆಗ ಹೊರಚರ್ಮ ಕೂಡಿರುತ್ತದೆಯೇ ಹೊರತು ಒಳಪದರಗಳು ಇನ್ನೂ ಪೂರ್ತಿ ಅಂಟಿರುವುದಿಲ್ಲ. ಬಿಚ್ಚಿಸಿದ ಮೇಲೂ ಒಂದು ವಾರ ನಾಯಿಯನ್ನು ಬೆಟ್ಟಕ್ಕೆ ಬಿಡದೆ, ದಿನಕ್ಕೊಮ್ಮೆ ಎರಡೂ ಕಿವಿಗಳನ್ನು ಬೆರಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಸವರಿ ನೋಡಿ.